ಎರಡು ಕೊಠಡಿಗಳ ನಡುವಣ ಗೋಡೆ

(ದಕ್ಷಿಣ ಬೆಂಗಳೂರಿನ ಕೋಣನಕುಂಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಕನ್ನಡದ ಸೇವೆಗೆಂದು ನೆಲೆಗೊಂಡ ದತ್ತಿಯೊಂದರ ಆಶ್ರಯದಲ್ಲಿ ಮಾತನಾಡಲು ಬಂದವನು ಪಂಪನನ್ನೋ ಕುಮಾರವ್ಯಾಸನನ್ನೋ ವಚನಕಾರರನ್ನೋ ವಿಷಯವಾಗಿ ಆರಿಸಿಕೊಳ್ಳುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಸಂಪ್ರದಾಯ. ಆ ಸಂಪ್ರದಾಯದಿಂದ ತುಸು ಸರಿದು, ಕನ್ನಡವನ್ನು ಇನ್ನೂ ಅರಿಯದ ತರುಣ ತರುಣಿಯರು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಅದನ್ನು ಕಲಿಯಲು ಕುಳಿತುಕೊಳ್ಳುವ ತರಗತಿಯನ್ನು ಕುರಿತು ಮಾತನಾಡಲು ನಾನು ಅನುಮತಿ ಬೇಡಿದಾಗ, ವ್ಯವಸ್ಥಾಪಕರು ಅದನ್ನು ಸಂತೋಷದಿಂದಲೇ ಒಪ್ಪಿಕೊಂಡರು. ಅವರಿಗೆ ನನ್ನ ಕೃತಜ್ಞತೆ ಸಲ್ಲುತ್ತದೆ. ಪಂಪನನ್ನು ಓದುವವರು ನಾಳೆಯೂ ಇರಬೇಕಾದರೆ ಇಂದಿನ ತರಗತಿಗಳ ಸ್ಥಿತಿಗತಿಯನ್ನು ನಾವು ಅಕ್ಕರೆಯಿಂದ ವಿಚಾರಿಸಿಕೊಳ್ಳುವುದು ಅವಶ್ಯವೆಂಬ ನಂಬಿಕೆಯೇ ಈ ವಿಷಯವನ್ನು ಎತ್ತಿಕೊಳ್ಳಲು ನನಗೆ ಪ್ರೇರಣೆ.

ಈ ಊರಿನ ಹೆಬ್ಬಾಗಿಲಿನಂತಿರುವ ಕೋಣನಕುಂಟೆ ಕ್ರಾಸಿನಲ್ಲಿ ಬೆಳಗಿನ ಎಂಟು ಗಂಟೆಯ ವೇಳೆಗೆ ನಿಂತು ನೋಡಿದವರಿಗೆ ನಾನು ಹೇಳಹೊರಟಿರುವ ಸಂಗತಿಯ ಅರ್ಧಭಾಗ ಕಣ್ಣಿಗೂ ಕಿವಿಗೂ ತಾನಾಗಿಯೇ ಗೋಚರವಾಗುತ್ತದೆ. 2021ರ ಜನವರಿಯಲ್ಲಿ ಮೆಟ್ರೋ ರೈಲು ಯಲಚೇನಹಳ್ಳಿಯಿಂದ ಮುಂದೆ ರೇಷ್ಮೆ ಸಂಸ್ಥೆಯವರೆಗೆ ಸಾಗತೊಡಗಿದ ಮೇಲೆ, ಕನಕಪುರ ರಸ್ತೆಯ ರಘುವನಹಳ್ಳಿಯ ಕಡೆಗೂ, ಹಿಂದಕ್ಕೆ ಬಸವನಗುಡಿ ವಿಶ್ವೇಶ್ವರಪುರಗಳ ಕಡೆಗೂ, ಪಕ್ಕದ ಕುಮಾರಸ್ವಾಮಿ ಬಡಾವಣೆಯ ಕಡೆಗೂ ಹೋಗುವ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಗುಂಪುಗಳು ಇಲ್ಲಿ ಕಲೆಯುತ್ತವೆ, ಚೆದುರುತ್ತವೆ. ರಾಜ್ಯದ ಸಿ.ಇ.ಟಿ. ಪರೀಕ್ಷೆಯನ್ನು ಬರೆದು ಬಂದ ನಮ್ಮ ತುಮಕೂರು, ಕೋಲಾರ, ಕಲಬುರಗಿಗಳ ಮಕ್ಕಳ ಜೊತೆಯಲ್ಲಿಯೇ ಕಾಮೆಡ್‌ಕೆ ಪರೀಕ್ಷೆಯ ಮೂಲಕ ಬಿಹಾರ, ಬಂಗಾಳ, ಆಂಧ್ರ, ಕೇರಳಗಳಿಂದ ಬಂದವರೂ ಇರುತ್ತಾರೆ. ಇದು ಹೊರಗಿನಿಂದ ಬಂದವರ ಮಾತಾಯಿತು. ಊರಿನೊಳಗಿನ ಸ್ಥಿತಿಯೂ ಬಹಳ ಬೇರೆಯಾಗಿಲ್ಲ. 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಯಿಸಿದವರು ನೂರಕ್ಕೆ ಸುಮಾರು 44 ಮಂದಿ; ಉಳಿದವರಲ್ಲಿ ತಮಿಳು, ತೆಲುಗು, ಉರ್ದು ಮಾತಿನವರೇ ಹೆಚ್ಚು. ಇದನ್ನು ಕೇಳಿ ಹೌಹಾರುವವರು 1905ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಸಂಪುಟವನ್ನು ಒಮ್ಮೆ ತೆರೆದು ನೋಡಬೇಕು. ಇಲ್ಲಿಗೆ ದೂರವಲ್ಲದ ಬೇಗೂರಿನ ವೀರಗಲ್ಲು ಬೆಂಗಳೂರ ಕಾಳಗವನ್ನು ಕನ್ನಡದಲ್ಲಿ ಹೇಳುತ್ತಿರುವಾಗ, ದೊಮ್ಮಲೂರಿನ ಚೊಕ್ಕನಾಥನ ಗುಡಿಯ ಗೋಡೆಗಳು ದಾನದತ್ತಿಗಳನ್ನು ತಮಿಳಿನಲ್ಲಿ ಹೇಳುತ್ತವೆ. ಈ ನೆಲಕ್ಕೆ ಹಲವು ಭಾಷೆಗಳ ಸಹವಾಸ ನೂರಾರು ವರ್ಷಗಳ ಅಭ್ಯಾಸ.

ಇನ್ನು ತರಗತಿಯ ವಿಚಾರ. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ ಎಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲರಿಗೂ ಕನ್ನಡವನ್ನು ಒಂದು ವಿಷಯವಾಗಿ ವಿಧಿಸಿದೆ. 2018ರ ಪಠ್ಯಕ್ರಮದಲ್ಲಿ ಅದು ಕನ್ನಡ ಬಲ್ಲವರಿಗೆ 'ಆಡಳಿತ ಕನ್ನಡ', ಅರಿಯದವರಿಗೆ 'ವ್ಯಾವಹಾರಿಕ ಕನ್ನಡ' ಎಂದು ಎರಡಾಗಿತ್ತು. ಅನಂತರದ ಪಠ್ಯಕ್ರಮಗಳಲ್ಲಿ ಬಲ್ಲವರ ಪತ್ರಿಕೆ 'ಸಾಂಸ್ಕೃತಿಕ ಕನ್ನಡ'ವೆಂದೂ ಅರಿಯದವರದು 'ಬಳಕೆ ಕನ್ನಡ'ವೆಂದೂ ಹೆಸರು ಪಡೆದಿವೆ. ಮೊದಲನೆಯದರಲ್ಲಿ ವಚನ, ಕೀರ್ತನೆ, ಡಿ.ವಿ.ಜಿ.ಯವರ ಕಗ್ಗ, ಬೇಂದ್ರೆ ಕುವೆಂಪುಗಳ ಕವಿತೆಗಳಿಂದ ಮೊದಲುಗೊಂಡು ವಸುಧೇಂದ್ರರ 'ಯುಗಾದಿ'ಯವರೆಗೆ ಸಾಹಿತ್ಯದ ಒಂದು ಕಿರುದರ್ಶನ ದೊರೆಯುತ್ತದೆ. ಎರಡನೆಯದರಲ್ಲಿ ಸರ್ವನಾಮ, ವಿಭಕ್ತಿಪ್ರತ್ಯಯ, ಸಂಖ್ಯಾವಾಚಕ, ಪ್ರಶ್ನೆ, ನಿಷೇಧ, ಸಣ್ಣಪುಟ್ಟ ಸಂಭಾಷಣೆಗಳು. ಎರಡಕ್ಕೂ ವಾರಕ್ಕೆ ಒಂದು ಗಂಟೆ, ಒಂದು ಕ್ರೆಡಿಟ್, ಒಟ್ಟು 15 ಗಂಟೆಗಳ ಬೋಧನೆ. ಅವಧಿಯ ಕೊನೆಯಲ್ಲಿ ಬಹು ಆಯ್ಕೆಯ ಪ್ರಶ್ನೆಗಳಿಗೆ ಗುರುತು ಹಾಕುವ ಒಂದು ಗಂಟೆಯ ಪರೀಕ್ಷೆ. ಯಂತ್ರಶಾಸ್ತ್ರ ಗಣಿತಶಾಸ್ತ್ರಗಳ ಭಾರದ ನಡುವೆ ಭಾಷೆಗೆ ಇಷ್ಟಾದರೂ ಸ್ಥಳ ಒದಗಿಸಿದವರ ಸತ್ಸಂಕಲ್ಪವನ್ನು ಲಘುವಾಗಿ ಕಾಣತಕ್ಕದ್ದಲ್ಲ. ಇಂಥ ಯಾವ ಏರ್ಪಾಟೂ ಇಲ್ಲದಿದ್ದ ಕಾಲವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ.

ಆದರೂ ಈ ಏರ್ಪಾಟಿನ ಒಡಲಿನಲ್ಲಿಯೇ ಒಂದು ನಷ್ಟ ಅಡಗಿದೆ. ಅದನ್ನು ಬಿಡಿಸಿ ಹೇಳುವುದೇ ಇಂದಿನ ನನ್ನ ಮುಖ್ಯ ಉದ್ದೇಶ. ವಾರದ ಆ ಒಂದು ಗಂಟೆ ಬಂದೊಡನೆ, ಬೆಳಗಿನಿಂದ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಸಮೀಕರಣವನ್ನು ಬಿಡಿಸುತ್ತಿದ್ದ ಮಂಡ್ಯದ ಹುಡುಗನೂ ಪಾಟ್ನಾದ ಹುಡುಗನೂ ಎದ್ದು ಬೇರೆ ಬೇರೆ ಕೊಠಡಿಗಳಿಗೆ ಹೋಗುತ್ತಾರೆ. ಕನ್ನಡ ಬಲ್ಲವರೆಲ್ಲ ಒಂದು ಕಡೆ, ಅರಿಯದವರೆಲ್ಲ ಇನ್ನೊಂದು ಕಡೆ. ಊಟದ ಮನೆಯಲ್ಲಿ, ಪ್ರಯೋಗಶಾಲೆಯಲ್ಲಿ, ಹಾಸ್ಟೆಲಿನಲ್ಲಿ ಕೂಡಿರುವವರು ಕನ್ನಡದ ಗಂಟೆಯಲ್ಲಿ ಮಾತ್ರ ಅಗಲುತ್ತಾರೆ. ಕಲಿಯುವವನಿಗೆ ಯಾವ ಮಾತುಗಾರನ ಸಾಮೀಪ್ಯ ಅತ್ಯಂತ ಆವಶ್ಯಕವಾಗಿತ್ತೋ ಆ ಮಾತುಗಾರನು ಗೋಡೆಯ ಆಚೆ ವಚನವೊಂದರ ಸಾರಾಂಶವನ್ನು ಬರೆದುಕೊಳ್ಳುತ್ತಿರುತ್ತಾನೆ. ಆ ಮಾತುಗಾರನಿಗೆ ತನ್ನ ಭಾಷೆಯನ್ನು ಹೊಸ ಕಣ್ಣಿನಿಂದ ನೋಡುವ ಸಂದರ್ಭವನ್ನು ಯಾರು ಒದಗಿಸಬಹುದಾಗಿತ್ತೋ ಅವರು ಈಚೆ 'ನಾನು, ನೀನು, ಅವನು' ಎಂದು ಒಪ್ಪಿಸುತ್ತಿರುತ್ತಾರೆ. ಅರಿಯದವರ ಕೊಠಡಿಯಲ್ಲಿ ಕನ್ನಡವನ್ನು ನಿರರ್ಗಳವಾಗಿ ಆಡುವ ವ್ಯಕ್ತಿ ಅಧ್ಯಾಪಕರೊಬ್ಬರೇ. ಅರವತ್ತು ಮಂದಿಗೆ ಒಬ್ಬರೇ ಸಂವಾದಿಯಾದರೆ ಸಂವಾದ ಸಾಧ್ಯವಾಗುವುದು ಹೇಗೆ?

ಈ ಎರಡು ಕೊಠಡಿಗಳನ್ನು ಕೂಡಿಸಬೇಕು, ಕೂಡಿಸಿದ ಮೇಲೆ ಅವರೆಲ್ಲರ ಕೈಗೆ ಯಾವುದಾದರೊಂದು ಸೃಷ್ಟಿಯ ಕೆಲಸವನ್ನು ಕೊಡಬೇಕು ಎಂಬುದು ನನ್ನ ಸೂಚನೆ. ಕೂಡಿ ಒಂದು ಪುಸ್ತಕವನ್ನು ಬರೆಯಲಿ, ಒಂದು ನಾಟಕವನ್ನು ಆಡಲಿ, ಧ್ವನಿಮುದ್ರಿತ ಕಾರ್ಯಕ್ರಮವೊಂದನ್ನು ಸಿದ್ಧಪಡಿಸಲಿ. ಆ ಕೆಲಸದ ಒಳಗೆ ಪ್ರತಿಯೊಬ್ಬರ ಮನೆಮಾತಿಗೂ ಸ್ಥಾನವಿರಲಿ, ಎಲ್ಲರೂ ಸಂಧಿಸುವ ಮಾತು ಮಾತ್ರ ಕನ್ನಡವಾಗಿರಲಿ.

ಇದು ಹೊರಗಿನಿಂದ ಎರವಲು ತಂದ ಉಪಾಯವೆಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ಭಾಷೆಯ ಆಧುನಿಕ ಸಾಹಿತ್ಯವೇ ಬಹುಮಟ್ಟಿಗೆ ಹೀಗೆ ಕಟ್ಟಲ್ಪಟ್ಟದ್ದು. ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಕನ್ನಡದ ಎಂಟು ಮಂದಿ ಲೇಖಕರಲ್ಲಿ ಮೂವರ ಮನೆಮಾತು ಕನ್ನಡವಾಗಿರಲಿಲ್ಲ: ಬೇಂದ್ರೆಯವರದು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತೂ, ಮಕ್ಕಳಿಗೆ ಕನ್ನಡದ ರುಚಿ ಹತ್ತಿಸಿದ ಪಂಜೆ ಮಂಗೇಶರಾಯರ ಮನೆಮಾತೂ ಕೊಂಕಣಿಯೇ. ಮೇಲುಕೋಟೆಯ ಪು.ತಿ.ನ. ಅವರೂ ಬೆಂಗಳೂರಿನ ಕೈಲಾಸಂ ಅವರೂ ಮನೆಯಲ್ಲಿ ತಮಿಳನ್ನಾಡುತ್ತಿದ್ದವರು. ನಿಸಾರ್ ಅಹಮದರ ಮನೆಯ ಉರ್ದು, ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರರ ಮನೆಯ ಮಲಯಾಳ, ಇವೂ ಕನ್ನಡಕ್ಕೆ ಹರಿದುಬಂದ ನೀರುಗಳು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದ ಹಾಸನದ ಬಾನು ಮುಷ್ತಾಕರು ಉರ್ದು ಮಾತಿನ ಮನೆಯಿಂದ ಬಂದು ಕನ್ನಡದಲ್ಲಿ ಬರೆದವರು; ಆ ಪ್ರಶಸ್ತಿಯನ್ನು ಅವರ ಕತೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರೊಡನೆ ಸಮಸಮವಾಗಿ ಹಂಚಿಕೊಂಡದ್ದನ್ನು ಇಲ್ಲಿ ನೆನೆಯುವುದು ಉಚಿತ, ಏಕೆಂದರೆ ಬರೆಹವೆಂಬುದು ಒಬ್ಬಂಟಿಯ ತಪಸ್ಸು ಮಾತ್ರವೇ ಆಗಿರಬೇಕಿಲ್ಲವೆಂಬುದಕ್ಕೆ ಲೋಕದ ಮನ್ನಣೆ ಅಲ್ಲಿ ದೊರೆಯಿತು. ಈ ಮಹನೀಯರೆಲ್ಲ ಪಠ್ಯಪುಸ್ತಕದ ಪಾಠಗಳಿಂದಲೇ ಕನ್ನಡಿಗರಾದವರಲ್ಲ. ಬೀದಿ, ಶಾಲೆ, ಗೆಳೆಯರ ಗುಂಪು, ನಾಟಕದ ಅಟ್ಟ, ಪತ್ರಿಕೆಯ ಕಚೇರಿ, ಇವೆಲ್ಲವೂ ಸೇರಿ ಅವರನ್ನು ಕನ್ನಡಕ್ಕೆ ಒಲಿಸಿಕೊಂಡವು.

ವಿಶ್ವವಿದ್ಯಾನಿಲಯವೇ ಇಂಥ ಗೆಳೆಯರ ಗುಂಪಿಗೆ ಆಶ್ರಯ ಕೊಟ್ಟ ಕಾಲವೊಂದಿತ್ತು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ 'ಪ್ರಬುದ್ಧ ಕರ್ಣಾಟಕ'ವನ್ನು ಹೊರಡಿಸಿದಾಗ, ಕಾಲೇಜುಗಳ ಪಾಠಭಾಷೆ ಇಂಗ್ಲಿಷು. ವಿದ್ಯಾರ್ಥಿಗಳು ತಮ್ಮ ಪಾಂಡಿತ್ಯವನ್ನೆಲ್ಲ ಇಂಗ್ಲಿಷಿನಲ್ಲಿಯೇ ಮೆರೆಯಬೇಕಾಗಿದ್ದ ಕಾಲ ಅದು. ಅಂಥಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ಒಂದು ಪತ್ರಿಕೆಯನ್ನು ನಡೆಸಲು ತೊಡಗಿದುದು ತರಗತಿಯ ಒಳಗೆ ಆಗದ ಕೆಲಸವನ್ನು ತರಗತಿಯ ಹೊರಗೆ ಮಾಡಿದಂತಾಯಿತು. ಲೇಖನವನ್ನು ತಿದ್ದುವುದು, ಅಚ್ಚಿನ ಕರಡನ್ನು ನೋಡುವುದು, ಚಂದಾದಾರರನ್ನು ಹುಡುಕುವುದು, ಇವುಗಳ ನಡುವೆ ಕನ್ನಡ ಗದ್ಯವು ಎಷ್ಟು ಬೇಗ ಪಳಗಿತೆಂಬುದನ್ನು ಆ ಪತ್ರಿಕೆಯ ಮೊದಲ ಸಂಪುಟಗಳನ್ನು ತಿರುವಿಹಾಕಿದ ಯಾರಾದರೂ ಕಾಣಬಹುದು. ಮೈಸೂರಿನಲ್ಲಿಯೂ ಅದೇ ಉತ್ಸಾಹ. ಕಿರಿಯರ ಕವಿತೆಗಳು 'ಕಿರಿಯ ಕಾಣಿಕೆ', 'ತಳಿರು' ಮೊದಲಾದ ಸಂಕಲನಗಳಾಗಿ ಬಂದು, ಮುಂದೆ ಹೆಸರಾಂತ ಕವಿಗಳಾದವರು ಮೊದಲು ಗುಂಪಿನ ಒಬ್ಬರಾಗಿ ಕಾಣಿಸಿಕೊಂಡರು. ಇವೆಲ್ಲದರ ಹಿಂದೆ ಬಿ.ಎಂ.ಶ್ರೀ. ಅವರಿದ್ದರು. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದ ಅವರು ವೃತ್ತಿಯಿಂದ ಇಂಗ್ಲಿಷಿನ ಅಧ್ಯಾಪಕರು. ಎರಡು ಭಾಷೆಗಳನ್ನು ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಇಂಗ್ಲಿಷಿನ ಗೀತಗಳನ್ನು ಕನ್ನಡಕ್ಕೆ ಇಳಿಸುವ ಕೆಲಸವನ್ನು ತಾವೂ ಮಾಡಿದರು, ಸುತ್ತಲಿನ ತರುಣರಿಗೂ ಆ ಹಂಬಲವನ್ನು ಹಿಡಿಸಿದರು. ಭಾಷೆಗಳ ನಡುವೆ ಗೋಡೆ ಕಟ್ಟಿಕೊಂಡಿದ್ದ ಅಧ್ಯಾಪಕರಿಂದ ನವೋದಯವು ಆಗುತ್ತಿರಲಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ದಕ್ಷಿಣ ಬೆಂಗಳೂರಿಗೆ ಇನ್ನೂ ಹತ್ತಿರದ, ನಮ್ಮ ಕಾಲಕ್ಕೂ ಹತ್ತಿರದ ಒಂದು ಉದಾಹರಣೆ ಹೊಸೂರು ರಸ್ತೆಯ ಅಂದಿನ ಕ್ರೈಸ್ಟ್ ಕಾಲೇಜಿನದು. ಕೇರಳದಲ್ಲಿ ಹುಟ್ಟಿದ ಕ್ರೈಸ್ತ ಸಂನ್ಯಾಸಿಸಂಘವೊಂದು 1969ರಲ್ಲಿ ಸ್ಥಾಪಿಸಿದ, ನಾನಾ ರಾಜ್ಯಗಳ ವಿದ್ಯಾರ್ಥಿಗಳು ಬಂದು ಓದುತ್ತಿದ್ದ ಆ ಕಾಲೇಜು ಕನ್ನಡದ ಪುಸ್ತಕಪ್ರಕಾಶನದ ಕೇಂದ್ರವಾದೀತೆಂದು ಯಾರೂ ಊಹಿಸಿರಲಾರರು. ಕವಿಯೂ ನಾಟಕಕಾರರೂ ಆಗಿದ್ದ ಚಿ. ಶ್ರೀನಿವಾಸರಾಜು ಅವರು ಅಲ್ಲಿಯ ಕನ್ನಡ ಅಧ್ಯಾಪಕರಾಗಿ, ಕನ್ನಡ ಸಂಘದ ಮೂಲಕ ನೂರಕ್ಕೂ ಮಿಕ್ಕ ಪುಸ್ತಕಗಳು ಹೊರಬರುವಂತೆ ಮಾಡಿದರು. ಬೇಂದ್ರೆಯವರ ಸ್ಮರಣೆಗೆ ಅಂತರ ಕಾಲೇಜು ಕವಿತಾಸ್ಪರ್ಧೆಯನ್ನೂ ಅ.ನ.ಕೃ. ಅವರ ಸ್ಮರಣೆಗೆ ಕಥಾಸ್ಪರ್ಧೆಯನ್ನೂ ವರ್ಷವರ್ಷವೂ ನಡೆಸಿ, ಎಲ್ಲೆಲ್ಲಿಯೋ ಇದ್ದ ವಿದ್ಯಾರ್ಥಿಕವಿಗಳ ರಚನೆಗಳನ್ನು ಅಚ್ಚಿನ ಬೆಳಕಿಗೆ ತಂದರು. ಅವರ ಉದ್ಯಮದ ಸಾರ ಇದು: ವಿದ್ಯಾರ್ಥಿಯ ಬರೆಹವನ್ನು ಅಂಕ ಹಾಕಿ ಹಿಂದಿರುಗಿಸುವ ಕಾಗದವೆಂದು ಬಗೆಯದೆ, ಓದುಗರ ಕೈಸೇರಬೇಕಾದ ಬರೆಹವೆಂದು ಅವರು ಬಗೆದರು. ಅಂಥವರೊಬ್ಬರು ಎಲ್ಲ ಕಾಲೇಜುಗಳಿಗೂ ದೊರೆಯುವುದಿಲ್ಲ, ನಿಜ. ಆದರೆ ಅವರು ತೋರಿದ ದಾರಿ ಎಲ್ಲ ಕಾಲೇಜುಗಳಿಗೂ ತೆರೆದಿದೆ.

ಹೊರನಾಡುಗಳಲ್ಲಿ ಇದನ್ನೇ ವಿಧಾನವಾಗಿ ರೂಢಿಸಿದವರಲ್ಲಿ ಇಬ್ಬರನ್ನು ಮಾತ್ರ ಹೆಸರಿಸುತ್ತೇನೆ. ದಕ್ಷಿಣ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಮೇಷ್ಟರಾಗಿದ್ದ ಸೆಲೆಸ್ತಾಂ ಫ್ರೆನೆ 1924ರಲ್ಲಿ ತನ್ನ ಶಾಲೆಗೆ ಒಂದು ಸಣ್ಣ ಅಚ್ಚಿನ ಯಂತ್ರವನ್ನು ತಂದು, ಮಕ್ಕಳು ತಾವೇ ಬರೆದುದನ್ನು ತಾವೇ ಮೊಳೆ ಜೋಡಿಸಿ ಮುದ್ರಿಸುವಂತೆ ಮಾಡಿದನು. ಆ ಹಾಳೆಗಳು ದೂರದ ಬ್ರಿಟನಿ ಪ್ರಾಂತದ ಶಾಲೆಯೊಂದಕ್ಕೆ ಹೋಗಿ, ಅಲ್ಲಿಯ ಮಕ್ಕಳ ಹಾಳೆಗಳು ಇಲ್ಲಿಗೆ ಬಂದವು. ಇಟಲಿಯ ಫ್ಲಾರೆನ್ಸಿನ ಬಳಿಯ ಬೆಟ್ಟದ ಊರು ಬಾರ್ಬಿಯಾನದಲ್ಲಿ ಪಾದ್ರಿ ಲೊರೆಂಜೊ ಮಿಲಾನಿಯ ಶಿಷ್ಯರಾದ ಎಂಟು ಮಂದಿ ಬಡಹುಡುಗರು 1967ರಲ್ಲಿ ಉಪಾಧ್ಯಾಯಿನಿಯೊಬ್ಬಳಿಗೆ ಬರೆದ ಪತ್ರದ ರೂಪದ ಪುಸ್ತಕವು ಸಾಮೂಹಿಕ ಬರೆವಣಿಗೆಯ ಅತ್ಯುತ್ತಮ ನಿದರ್ಶನ. ಒಬ್ಬೊಬ್ಬರೂ ತಮಗೆ ಹೊಳೆದುದನ್ನು ಬೇರೆ ಬೇರೆ ಚೀಟಿಗಳಲ್ಲಿ ಬರೆದು, ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಒಂದೇ ಬಗೆಯವನ್ನು ಕೂಡಿಸಿ, ಎರಡು ಬಾರಿ ಬಂದುದನ್ನು ತೆಗೆದು, ವಾಕ್ಯವಾಕ್ಯವನ್ನೂ ಗಟ್ಟಿಯಾಗಿ ಓದಿ, ಹೆಚ್ಚಿನ ಮಾತನ್ನು ಕಿತ್ತುಹಾಕಿ ಅವರು ಆ ಪುಸ್ತಕವನ್ನು ಸಿದ್ಧಪಡಿಸಿದರು. ಇದಕ್ಕೆ ಬೇಕಾದುದು ಚೀಟಿ, ಮೇಜು, ತಾಳ್ಮೆ. ಮೂರೂ ಕೋಣನಕುಂಟೆಯಲ್ಲಿ ಸಿಕ್ಕುತ್ತವೆ. ನಮ್ಮ ನಾಡಿನಲ್ಲಿಯೇ, 1969ರಲ್ಲಿ ಸ್ಥಾಪಿತವಾದ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಕೇಂದ್ರವು ಹೊರರಾಜ್ಯಗಳ ಶಾಲಾಧ್ಯಾಪಕರಿಗೆ ಹತ್ತು ತಿಂಗಳುಗಳ ಕಾಲ ದಕ್ಷಿಣದ ಭಾಷೆಯೊಂದನ್ನು ಕಲಿಸುವಾಗ, ಆ ಭಾಷೆಯನ್ನಾಡುವ ಜನರ ನಡುವೆ ಅವರನ್ನು ಕರೆದೊಯ್ದು ನಿಲ್ಲಿಸುವುದನ್ನೂ ಶಿಕ್ಷಣದ ಅಂಗವಾಗಿಸಿದೆ. ಬೆಂಗಳೂರಿನ ಕಾಲೇಜಿಗೆ ಆ ಪ್ರವಾಸದ ವೆಚ್ಚವೂ ಇಲ್ಲ. ಜನ ಪಕ್ಕದ ಕೊಠಡಿಯಲ್ಲಿಯೇ ಇದ್ದಾರೆ.

ಹಾಗಾದರೆ ಆ ಗಂಟೆಗಳಲ್ಲಿ ಏನು ನಡೆಯಬೇಕು? ಒಂದು ಉದಾಹರಣೆಯನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇನೆ. ಎರಡು ಕೊಠಡಿಗಳ ವಿದ್ಯಾರ್ಥಿಗಳನ್ನು ಐದೈದು ಮಂದಿಯ ಗುಂಪುಗಳನ್ನಾಗಿ ಮಾಡಿ, ಗುಂಪಿನಲ್ಲಿ ಇಬ್ಬರು ಕನ್ನಡದವರು, ಮೂವರು ಬೇರೆ ಬೇರೆ ಮಾತಿನವರು ಇರುವಂತೆ ನೋಡಿಕೊಂಡು, ಜೋಗುಳಗಳ ಒಂದು ಪುಸ್ತಕವನ್ನು ಕಟ್ಟುವ ಕೆಲಸವನ್ನು ಅವರಿಗೆ ಒಪ್ಪಿಸಿರೆನ್ನೋಣ. ಪ್ರತಿಯೊಬ್ಬರೂ ಮನೆಗೆ ಫೋನು ಮಾಡಿ, ತಾಯಿಯನ್ನೋ ಅಜ್ಜಿಯನ್ನೋ ಕೇಳಿ, ತಮ್ಮನ್ನು ಮಲಗಿಸಿದ ಹಾಡನ್ನು ತರಬೇಕು. ಕೇರಳದ ಹುಡುಗಿ ಇರಯಿಮ್ಮನ್ ತಂಬಿ ತಿರುವಾಂಕೂರಿನ ಅರಮನೆಯ ಶಿಶುವಿಗೆಂದು ರಚಿಸಿದ, ಇಂದು ಮಲಯಾಳಿಗಳ ಮನೆಮನೆಯ ಸೊತ್ತಾಗಿರುವ ಜೋಗುಳವನ್ನು ತರಬಹುದು. ಬಂಗಾಳದವನು ತನ್ನದನ್ನು, ಆಂಧ್ರದವಳು ತನ್ನದನ್ನು, ಶಿವಾಜಿನಗರದ ದಖನಿ ಮಾತಿನವನು ತನ್ನದನ್ನು. ಹಾಸನದ ಹುಡುಗ ಊರಿನ ಅಜ್ಜಿ ತೊಟ್ಟಿಲ ಬಳಿ ಹೇಳುತ್ತಿದ್ದುದನ್ನು ತಾನು ಪೂರ್ತಿಯಾಗಿ ಅರಿಯನೆಂದು ಅಂದೇ ಮೊದಲ ಬಾರಿಗೆ ಕಂಡುಕೊಂಡು, ಊರಿಗೆ ಫೋನು ಮಾಡುತ್ತಾನೆ. ಮೊದಲು ಹಾಡು ಅದರದೇ ಮಾತಿನಲ್ಲಿ ಕೇಳಬೇಕು. ಬಳಿಕ ತಂದವರು ಅದರ ಅಭಿಪ್ರಾಯವನ್ನು ತಿಳಿದಷ್ಟು ಕನ್ನಡದಲ್ಲಿ, ತಿಳಿಯದೆಡೆ ಬೇರೆ ಯಾವುದಾದರೂ ಮಾತಿನಲ್ಲಿ, ಕೈಸನ್ನೆಯಲ್ಲಿ, ಹೇಗಾದರೂ ಗುಂಪಿಗೆ ತಿಳಿಸಬೇಕು. ಅನಂತರ ಐವರೂ ಕೂಡಿ ಅದನ್ನು ಹಾಡಲು ಬರುವಂಥ ಕನ್ನಡದಲ್ಲಿ ಬರೆಯಬೇಕು.

ಜೋಗುಳವನ್ನು ನಾನು ಆರಿಸಿಕೊಂಡುದಕ್ಕೆ ಕಾರಣವುಂಟು. ಮಗುವನ್ನು ಕರೆಯುವ ಸಂಬೋಧನೆ, ಮಲಗೆಂಬ ವಿಧಿ, ಅಳಬೇಡವೆಂಬ ನಿಷೇಧ, ಅಪ್ಪ ಬರುತ್ತಾನೆ ಗೊಂಬೆ ತರುತ್ತಾನೆ ಎಂಬ ಭವಿಷ್ಯ, ಇವು ಹಲವು ಭಾಷೆಗಳ ಜೋಗುಳಗಳಲ್ಲಿ ಕಾಣುವ ಅಂಗಗಳು. ಬಳಕೆ ಕನ್ನಡದ ಪಠ್ಯವು ಬೇರೆ ಬೇರೆ ಪಾಠಗಳಲ್ಲಿ ಚದುರಿಸಿ ಹೇಳುವ ವ್ಯಾಕರಣಾಂಶಗಳೆಲ್ಲ ಇಲ್ಲಿ ಹತ್ತು ಸಾಲುಗಳೊಳಗೆ, ಅರ್ಥದ ಅವಶ್ಯಕತೆಯಿಂದ, ತಾವಾಗಿಯೇ ಕೂಡಿಬರುತ್ತವೆ. ಚತುರ್ಥಿಯ ಪ್ರತ್ಯಯವನ್ನು ಕೋಷ್ಟಕದಲ್ಲಿ ಉರುಹಚ್ಚಿದವನು ಪರೀಕ್ಷೆಯ ಮರುದಿನ ಅದನ್ನು ಮರೆಯಬಹುದು. ತನ್ನ 'ಕಂದನಿಗೆ' ಯಾವ ತೊಟ್ಟಿಲು ಕಟ್ಟಬೇಕೆಂದು ಗೆಳೆಯರೊಡನೆ ಅರ್ಧ ಗಂಟೆ ವಾದಿಸಿದವನು ಮರೆಯುವುದಿಲ್ಲ. ಕನ್ನಡದ ವಿದ್ಯಾರ್ಥಿಗೆ ಆಗುವ ಲಾಭವೂ ಕಡಿಮೆಯದಲ್ಲ. ಹಾಡಿನ ಲಯ ಕೆಡದಂತೆ ಮಾತನ್ನು ಹುಡುಕುವಾಗ ತ್ರಿಪದಿಯ ನಡೆ ಏಕೆ ಹಾಗಿದೆಯೆಂಬುದು ಅವನ ಕಿವಿಗೆ ಹೊಳೆಯುತ್ತದೆ. ಸಾಂಸ್ಕೃತಿಕ ಕನ್ನಡದ ಪಾಠದಲ್ಲಿ ಟಿಪ್ಪಣಿಯಾಗಿದ್ದ ಜನಪದ ಛಂದಸ್ಸು ಕೈಗೆ ಹತ್ತಿದ ಉಪಕರಣವಾಗುತ್ತದೆ. ತೆಲುಗಿನ ಹಾಡಿಗೂ ಕನ್ನಡದ ಹಾಡಿಗೂ ಇರುವ ಬಂಧುತ್ವವನ್ನು ಅವನು ಭಾಷಾವಿಜ್ಞಾನದ ಪುಸ್ತಕವಿಲ್ಲದೆಯೇ ಕಂಡುಕೊಳ್ಳುತ್ತಾನೆ. ಬಂಗಾಳದ ಹಾಡಿನಲ್ಲಿ ಸಂಸ್ಕೃತದ ಪರಿಚಿತ ಶಬ್ದವೊಂದು ಬೇರೆ ಉಚ್ಚಾರವನ್ನು ತೊಟ್ಟು ಬಂದಾಗ ಆಗುವ ಹರ್ಷವನ್ನು ತರಗತಿಗಳಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೆಯ ಬಗೆಯ ಕೆಲಸ ನಾಟಕ. ಕನಕಪುರ ರಸ್ತೆಯ ಚಹದ ಅಂಗಡಿ, ಹೂವಿನ ಬುಟ್ಟಿ, ಆಟೋ ನಿಲ್ದಾಣ, ಸಾರಕ್ಕಿಯ ಮಾರುಕಟ್ಟೆ, ಇವುಗಳಲ್ಲಿ ಒಂದನ್ನು ರಂಗಸ್ಥಳವಾಗಿ ಮಾಡಿಕೊಂಡು ಇಪ್ಪತ್ತು ನಿಮಿಷಗಳ ಪ್ರಸಂಗವೊಂದನ್ನು ಗುಂಪು ರಚಿಸಲಿ. ಪಾತ್ರಗಳು ವಾಸ್ತವದಲ್ಲಿ ಆಡುವ ಮಾತುಗಳನ್ನೇ ಆಡಲಿ, ಕತೆಯನ್ನು ಮುಂದಕ್ಕೊಯ್ಯುವ ಮಾತು ಕನ್ನಡವಾಗಿರಲಿ. ಅಜ್ಜಿಯೊಡನೆ 'ಬನ್ನಿ', ಗೆಳೆಯನೊಡನೆ 'ಬಾರೋ', ಅಂಗಡಿಯವನೊಡನೆ 'ಅಣ್ಣಾ, ಎಷ್ಟು ಕೊಡ್ಲಿ?' ಎನ್ನುವ ಭೇದವನ್ನು ಹೊರಗಿನಿಂದ ಬಂದವರಿಗೆ ಸೂತ್ರವಾಗಿ ಬೋಧಿಸುವುದು ಕಷ್ಟ. ವೇಷ ಕಟ್ಟಿದವರಿಗೆ ಅದು ಒಂದು ತಾಲೀಮಿನಲ್ಲಿ ಮನದಟ್ಟಾಗುತ್ತದೆ. ಇಲ್ಲಿಂದ ಕೆಲವೇ ಮೈಲಿಗಳ ಅಂತರದಲ್ಲಿ, ಜೆ.ಪಿ. ನಗರದ ಎರಡನೆಯ ಹಂತದಲ್ಲಿ, 2004ರಿಂದ ಬಾಗಿಲು ತೆರೆದಿರುವ ರಂಗಶಂಕರದಲ್ಲಿ ಸೋಮವಾರವೊಂದನ್ನು ಬಿಟ್ಟು ದಿನವೂ ನಾಟಕ, ಒಂದು ದಿನ ಕನ್ನಡ, ಇನ್ನೊಂದು ದಿನ ಹಿಂದಿ, ಮತ್ತೊಂದು ದಿನ ಬೇರೊಂದು ಭಾಷೆ. ಅದು ಯಾರ ನೆನಪಿಗಾಗಿ ಎದ್ದಿತೋ ಆ ಶಂಕರ ನಾಗ್ ಅವರ ಮನೆಮಾತು ಕೊಂಕಣಿ, ಮೊದಲ ರಂಗಭೂಮಿ ಮುಂಬಯಿಯ ಮರಾಠಿ, ಹೃದಯ ತುಂಬಿ ದುಡಿದದ್ದು ಕನ್ನಡಕ್ಕೆ. ಅದನ್ನು ಕಟ್ಟಿ ನಿಲ್ಲಿಸಿದ ಅರುಂಧತಿ ನಾಗ್ ಅವರು ಗುಜರಾತಿ, ಮರಾಠಿ, ಹಿಂದಿ ರಂಗಭೂಮಿಗಳಲ್ಲಿ ನಟಿಸಿ ಕನ್ನಡಕ್ಕೆ ಬಂದವರು. ನಮ್ಮ ವಿದ್ಯಾರ್ಥಿಗಳಿಗೆ ಇದಕ್ಕಿಂತ ಸಮೀಪದ ಆದರ್ಶ ಬೇಕೆ?

ಇಷ್ಟು ಹೇಳಿದೊಡನೆ ಅಧ್ಯಾಪಕಮಿತ್ರರು ಎತ್ತುವ ಆಕ್ಷೇಪಗಳು ನನಗೆ ಗೊತ್ತಿವೆ. ಅವುಗಳಲ್ಲಿ ವೇಳಾಪಟ್ಟಿಯ ಆಕ್ಷೇಪ ಹಗುರವಾದದ್ದು, ಏಕೆಂದರೆ ಒಂದು ವಿಭಾಗವನ್ನು ಎರಡಾಗಿ ಒಡೆಯುವ ಕಾಲೇಜುಗಳಲ್ಲಿ ಎರಡು ಪಾಠಗಳೂ ನಡೆಯುವುದು ಸಾಧಾರಣವಾಗಿ ಒಂದೇ ಹೊತ್ತಿನಲ್ಲಿ; ಒಡೆಯದಿದ್ದರೆ ಆಯಿತು. ಅಂಕಗಳ ಪ್ರಶ್ನೆ ಹೆಚ್ಚು ತೂಕದ್ದು. ಗುಂಪಿನಲ್ಲಿ ಒಬ್ಬರು ದುಡಿದು ನಾಲ್ವರು ಹಂಚಿಕೊಳ್ಳುವುದು, ಅದರಲ್ಲಿಯೂ ಕನ್ನಡ ಬಲ್ಲ ಒಬ್ಬನೇ ಎಲ್ಲವನ್ನೂ ಬರೆದುಬಿಡುವುದು, ನಿಜವಾದ ಅಪಾಯ. ಇದಕ್ಕೆ ನಾನು ಕಂಡ ಪರಿಹಾರ, ಪ್ರತಿಯೊಬ್ಬರಿಂದಲೂ ಕೆಲಸದ ದಿನಚರಿಯೊಂದನ್ನು ಬರೆಸುವುದು, ಕೊನೆಗೆ ನಡೆಯುವ ಸಂದರ್ಶನದಲ್ಲಿ ತನ್ನ ಸಾಲನ್ನು ಬಿಟ್ಟು ಜೊತೆಗಾರನ ಸಾಲೊಂದನ್ನು ಕುರಿತು ಮಾತನಾಡುವಂತೆ ಕೇಳುವುದು. ಜೊತೆಗಾರನ ಸಾಲನ್ನು ವಿವರಿಸಬೇಕಾದವನು ಗುಂಪಿನ ಕೆಲಸದಿಂದ ನುಣುಚಿಕೊಂಡಿರಲಾರ. ವಿಶ್ವವಿದ್ಯಾಲಯದ ನಿಯಮವನ್ನು ತಿದ್ದಬೇಕಾದ ಅಗತ್ಯವೂ ಇಲ್ಲ. ಆಂತರಿಕ ಮೌಲ್ಯಮಾಪನದ 50 ಅಂಕಗಳಲ್ಲಿ ನಿಯೋಜಿತ ಕಾರ್ಯಕ್ಕೆ ಅವಕಾಶವಿದ್ದೇ ಇದೆ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಅಧ್ಯಾಪಕರ ಸ್ಥಿತಿಗೆ ಸಂಬಂಧಿಸಿದ್ದು. ಇಂಥ ಕಾಲೇಜುಗಳಲ್ಲಿ ಕನ್ನಡದ ಅಧ್ಯಾಪಕರು ಒಬ್ಬರೋ ಇಬ್ಬರೋ ಇರುತ್ತಾರೆ. ಅನೇಕರು ಅತಿಥಿ ಉಪನ್ಯಾಸಕರು, ವಾರದೊಳಗೆ ಎರಡು ಮೂರು ಕಾಲೇಜುಗಳನ್ನು ಸುತ್ತುವವರು, ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವವರು. ಅವರ ಮೇಲೆ ಪುಸ್ತಕದ, ನಾಟಕದ ಹೊಣೆಯನ್ನೂ ಹೊರಿಸಿ, ಅದಕ್ಕೆ ಬೇಕಾದ ವೇಳೆಯನ್ನೂ ಸಂಭಾವನೆಯನ್ನೂ ಕೊಡದಿರುವುದು ಅನ್ಯಾಯ. ಈ ಮಾತನ್ನು ಕಾಲೇಜುಗಳ ಆಡಳಿತಮಂಡಳಿಗಳು ಕೇಳಿಸಿಕೊಳ್ಳಬೇಕೆಂದೇ ಇಲ್ಲಿ ಒತ್ತಿ ಹೇಳುತ್ತಿದ್ದೇನೆ. ತಾಲೀಮಿನ ಗಂಟೆಯೂ ಪಾಠದ ಗಂಟೆಯೇ. ಅದನ್ನು ಲೆಕ್ಕಕ್ಕೆ ಸೇರಿಸಬೇಕು.

ಬೇರೆ ಮಾತುಗಳನ್ನು ಒಳಗೆ ಬಿಟ್ಟುಕೊಂಡರೆ ಕನ್ನಡ ತೆಳುವಾಗುವುದೆಂಬ ಭಯವನ್ನು ಕೆಲವರು ವ್ಯಕ್ತಪಡಿಸುತ್ತಾರೆ. ಆ ಭಯದ ಹಿಂದೆ ಇರುವ ನೋವನ್ನು ನಾನು ಅರಿತವನು. ತನ್ನ ನಾಡಿನ ರಾಜಧಾನಿಯಲ್ಲಿ ತನ್ನ ಮಾತಿಗೆ ಉತ್ತರ ಸಿಕ್ಕದೆ ನಿಂತವನ ಸಂಕಟ ಸಣ್ಣದಲ್ಲ. ಕನ್ನಡವನ್ನು ಕಡ್ಡಾಯ ಮಾಡುವ ಪ್ರಯತ್ನಗಳು ಆ ಸಂಕಟದಿಂದಲೇ ಹುಟ್ಟಿದವು. 2021ರಲ್ಲಿ ಪದವಿ ತರಗತಿಗಳಿಗೆಲ್ಲ ಕನ್ನಡವನ್ನು ಕಡ್ಡಾಯಗೊಳಿಸಿದ ಸರ್ಕಾರದ ಆಜ್ಞೆ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದು ನಿಮಗೆ ತಿಳಿದೇ ಇದೆ. ಕಾನೂನಿನ ವಾದವಿವಾದಕ್ಕೆ ನಾನು ಹೋಗುವುದಿಲ್ಲ. ಕಡ್ಡಾಯವು ವಿದ್ಯಾರ್ಥಿಯನ್ನು ವಾರಕ್ಕೊಮ್ಮೆ ಕನ್ನಡದ ಕೊಠಡಿಗೆ ತಂದು ಕೂಡಿಸಬಲ್ಲುದು, ಅದು ಬೇಕಾದದ್ದೇ. ಅವನು ಅಲ್ಲಿ ಕಳೆಯುವ 15 ಗಂಟೆಗಳನ್ನು ಏನು ಮಾಡುತ್ತೇವೆಂಬುದು ಮಾತ್ರ ನ್ಯಾಯಾಲಯದ ಕೈಯಲ್ಲಿಲ್ಲ, ಅಧ್ಯಾಪಕರ ಕೈಯಲ್ಲಿದೆ. ತನ್ನ ತಾಯಿಯ ಹಾಡಿಗೆ ಕನ್ನಡದಲ್ಲಿ ಜಾಗ ಸಿಕ್ಕಿದ ವಿದ್ಯಾರ್ಥಿ ಕನ್ನಡವನ್ನು ವೈರಿಯೆಂದು ಬಗೆಯುವುದು ಅಸಾಧ್ಯವೆಂದು ನನ್ನ ಭಾವನೆ.

ಇದೇ ಪ್ರಶ್ನೆಯನ್ನು ಗಡಿಯ ಆಚೆ ನಿಂತು ನೋಡುವುದು ಒಳ್ಳೆಯದು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿಹೋದ ಕಾಸರಗೋಡಿನಲ್ಲಿ ಕನ್ನಡದ ಮಕ್ಕಳು ಅಲ್ಪಸಂಖ್ಯಾತರು. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದುಗಳು ಒಂದೇ ಬೀದಿಯಲ್ಲಿ ಕೇಳುವ ಆ ಊರಿನ ಸರ್ಕಾರಿ ಕಾಲೇಜು 1957ರಲ್ಲಿ ಸ್ಥಾಪಿತವಾದಂದಿನಿಂದ ಕನ್ನಡದ ವಿದ್ಯಾರ್ಥಿ ಅಲ್ಲಿ ಮಲಯಾಳದ ವಿದ್ಯಾರ್ಥಿಯ ಪಕ್ಕದಲ್ಲಿ ಕುಳಿತು ಓದಿದ್ದಾನೆ. ತನ್ನ ಮಾತಿಗೆ ಅಲ್ಲಿಯ ತರಗತಿಯಲ್ಲಿ ಗೌರವದ ಸ್ಥಾನವಿರಬೇಕೆಂದು ಅವನು ಕೇಳಿದಾಗ ನಾವೆಲ್ಲರೂ ಅವನ ಬೆನ್ನಿಗೆ ನಿಲ್ಲುತ್ತೇವೆ, ನಿಲ್ಲತಕ್ಕದ್ದೇ. ಬೆಂಗಳೂರಿನ ತರಗತಿಗೆ ಬಂದು ಕುಳಿತ ಮಲಯಾಳದ, ಮೈಥಿಲಿಯ, ಒಡಿಯಾದ ಮಗುವಿಗೂ ಆ ಸ್ಥಾನವನ್ನು ಕೊಟ್ಟಾಗ, ಕಾಸರಗೋಡಿನ ನಮ್ಮ ಮಗುವಿನ ಪರವಾಗಿ ಆಡುವ ಮಾತಿಗೆ ಇನ್ನಷ್ಟು ಬಲ ಬರುತ್ತದೆ.

ಕೊನೆಯದಾಗಿ, ಈ ದತ್ತಿಯ ಹಿರಿಯರಲ್ಲಿ ಒಂದು ಬೇಡಿಕೆಯನ್ನು ಇಡಲು ಅಪ್ಪಣೆಯಾಗಬೇಕು. ವರ್ಷಕ್ಕೊಂದು ಉಪನ್ಯಾಸವನ್ನು ಏರ್ಪಡಿಸುವುದರ ಜೊತೆಗೆ, ದತ್ತಿಯ ಬಡ್ಡಿಯಲ್ಲಿ ಒಂದು ಪಾಲನ್ನು ಕನಕಪುರ ರಸ್ತೆಯ ಯಾವುದಾದರೊಂದು ಕಾಲೇಜಿನ ಎರಡು ಕೊಠಡಿಗಳು ಕೂಡಿ ಬರೆದ ಪುಸ್ತಕವೊಂದರ ಕಾಗದಕ್ಕೂ ಅಚ್ಚಿಗೂ ಮೀಸಲಿಡುವುದಾದರೆ, ಅದರ ಕರಡನ್ನು ತಿದ್ದುವ ಕೆಲಸವನ್ನು ನಾನೂ ನನ್ನ ಕೆಲವು ನಿವೃತ್ತ ಮಿತ್ರರೂ ಸಂತೋಷದಿಂದ ವಹಿಸಿಕೊಳ್ಳುತ್ತೇವೆ. ಪುಸ್ತಕ ದೊಡ್ಡದಾಗಿರಬೇಕಿಲ್ಲ, ಅರವತ್ತು ನಾಲ್ಕು ಪುಟ ಸಾಕು. ಪ್ರತಿಯೊಂದು ಹಾಡೂ ಎಡಪುಟದಲ್ಲಿ ತನ್ನ ಮೂಲಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ, ಬಲಪುಟದಲ್ಲಿ ಕನ್ನಡದಲ್ಲಿ ಇರಲಿ. ಕೆಳಗೆ ಐವರ ಹೆಸರುಗಳೂ ಇರಲಿ. ಪ್ರತಿಗಳು ಬಡಾವಣೆಯ ಸಾರ್ವಜನಿಕ ಗ್ರಂಥಾಲಯದಲ್ಲಿಯೂ, ಬರೆದವರ ಊರಿನ ಮನೆಗಳಲ್ಲಿಯೂ ಇರುವಂತೆ ನೋಡಿಕೊಳ್ಳಬೇಕು. ಬರುವ ಶೈಕ್ಷಣಿಕ ವರ್ಷದ ಮೊದಲ ಸೆಮಿಸ್ಟರು ಆರಂಭವಾಗುವುದಕ್ಕೆ ಮುಂಚೆ ಆಸಕ್ತ ಅಧ್ಯಾಪಕರು ಇಲ್ಲಿಯೇ ಒಂದು ಸಂಜೆ ಕಲೆತು, ಯಾವ ಕಾಲೇಜಿನಿಂದ ತೊಡಗಬೇಕೆಂಬುದನ್ನು ಗೊತ್ತುಮಾಡಿಕೊಳ್ಳಬಹುದು.